ಒಳಗೆ ಬಿಳಿಯಾಗಿದ್ದ ರಕ್ತಚಂದನ

ನಾನು ಚಿಕ್ಕವಳಿದ್ದಾಗ, ಅಂದರೆ ಲಂಗದ ಅಂಚು ಕಾಲಿಗೆ ತೊಡರಿ ಬೀಳುತ್ತಿದ್ದ ವಯಸ್ಸಿನಲ್ಲಿ, ಅಪ್ಪನ ಕೊಡಲಿಯನ್ನು ಬಾವಿಗೆ ಎಸೆದಿದ್ದೆ. ಹೌದು ಮಕ್ಕಳೇ, ನಾನೇ! ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇವತ್ತು ಖುಷಿ ತಡೆಯಲಾಗದೆ ಹೇಳಿಬಿಡುತ್ತಿದ್ದೇನೆ.

ಆಗ ನಮ್ಮ ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿತ್ತು. ಕುರುಗೋಡಿನ ನಮ್ಮ ಹಿತ್ತಲಲ್ಲಿ, ಬಂಡೆಗಳ ನಡುವೆ, ಒಂದು ರಕ್ತಚಂದನದ ಮರವಿತ್ತು. ಅಕ್ಕ ಹುಟ್ಟಿದ ವರ್ಷ ಅಜ್ಜಿ ಕಡಪದ ಕಡೆಯಿಂದ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ನೆಟ್ಟಿದ್ದಳು. ಮೊಸಳೆಯ ಬೆನ್ನಿನಂಥ ತೊಗಟೆ. ಅದಕ್ಕೆ ಬೆನ್ನು ಉಜ್ಜಿಕೊಂಡರೆ ಹಾಯೆನಿಸುತ್ತಿತ್ತು.

ಗಂಡನ ಮನೆಗೆ ಹೋಗುವ ಹುಡುಗಿಯ ಉಡಿಯಲ್ಲಿ ರಕ್ತಚಂದನದ ಜೋಡಿ ಗೊಂಬೆ ಇಡುವುದು ನಮ್ಮ ಮನೆಯ ಪದ್ಧತಿ. ಅದು ಆಟದ ಸಾಮಾನೂ ಹೌದು, ಮದ್ದೂ ಹೌದು. ನಾವು ಬಿದ್ದು ಮಂಡಿ ಬಾತರೆ ಅಜ್ಜಿ ತನ್ನ ಗೊಂಬೆಯನ್ನು ಸಾಣೆಕಲ್ಲಿನ ಮೇಲೆ ತೇದು, ತಣ್ಣನೆಯ ಕೆಂಪು ಗಂಧ ಹಚ್ಚುತ್ತಿದ್ದಳು. ನಮ್ಮ ಮಂಡಿ ವಾಸಿಯಾಗುತ್ತಿತ್ತು, ಗೊಂಬೆಯ ಮೂಗು ಸವೆಯುತ್ತಿತ್ತು.

ಅಕ್ಕನನ್ನು ತೆಕ್ಕಲಕೋಟೆಗೆ ಕೊಡುವುದೆಂದು ಗೊತ್ತಾಯಿತು. ಅಜ್ಜಿ ನೆಂಟರನ್ನು ಕರೆಯಲು ಸಿರಿಗೇರಿಗೆ ಹೋದ ಮರುದಿನವೇ ನೋಡಿ ಅಪ್ಪ ಕೊಡಲಿ ಮಸೆದ. ನಮ್ಮ ಓಣಿಯ ಬಡಿಗನನ್ನೂ ಕರೆಸಿದ.

"ಪ್ಯಾಟಿ ಗೊಂಬಿ ಯಾಕ? ನಮ್ಮ ಮರದ್ದಽ ಮಾಡಿ ಕಳಸ್ತೀನಿ. ಬೀಗರು ಬಾಯಿ ಮ್ಯಾಲೆ ಬೆರಳಿಡಬೇಕು!"

ಬಡಿಗ ಮರದ ಸುತ್ತ ಒಂದು ಸುತ್ತು ಬಂದ. "ಯಜಮಾನ್ರ, ಮರ ಇನ್ನೂ ಎಳೀದೈತ್ರಿ. ಬ್ಯಾಡ್ರಿ."

ಅಪ್ಪ ತೊಗಟೆಗೆ ಕೊಡಲಿಯ ಮೊನೆ ತಾಗಿಸಿದ. ರಕ್ತದಂಥ ಕೆಂಪು ಅಂಟು ಜಿನುಗಿತು. "ನೋಡಲೇ! ಇದೇನು, ಕುಂಕುಮದ ನೀರೇನು?"

"ತೊಗಟಿ ಅಳೋದಽ ಹಂಗ್ರಿ. ಅದನ್ನ ನಂಬಬ್ಯಾಡ್ರಿ."

ಅಪ್ಪ ಕೇಳಲಿಲ್ಲ. ಅಕ್ಕ ಅಡ್ಡ ನಿಂತಳು, ಅವಳನ್ನೂ ಸರಿಸಿದ. ಮಧ್ಯಾಹ್ನದ ಹೊತ್ತಿಗೆ ಮರ ನೆಲಕ್ಕೆ ಬಿತ್ತು. ಕಡಿದ ಬಾಯಿ ನೋಡಿದರೆ ಮೂಲಂಗಿಯಂತೆ ಬಿಳಿ! ನಟ್ಟನಡುವೆ ಮಾತ್ರ ಹಣೆಯ ಬೊಟ್ಟಿನಷ್ಟು ಕೆಂಪು.

ಅಷ್ಟರಲ್ಲಿ ಅಜ್ಜಿ ಬಂದಳು. ಗಂಟು ಕೆಳಗಿಟ್ಟಳು. ನಮ್ಮೂರ ಗುಡ್ಡಕ್ಕೇ ಕೇಳುವಂತೆ ಬೈದಳು.

"ಕೂಸಿನ ಬಾಯಾಗ ದವಡಿ ಹಲ್ಲು ಹುಡುಕೀಯಲ್ಲೋ! ಕೆಂಪು ಕಟ್ಟಾಕ ಒಂದು ಜಲ್ಮ ಬೇಕಲೇ ಅದಕ್ಕ! ನನ್ನ ಕೇಳಾಕ ಬಾಯಿ ಬಿದ್ದು ಹೋಗಿತ್ತೇನು?"

ಅಪ್ಪ ಕೊಡಲಿ ಕೆಳಗಿಟ್ಟ. ಅಕ್ಕ ಅಳಲೂ ಇಲ್ಲ. "ನನ್ನ ಹೆಸರು ಹೇಳಿ ಕಡದಿ. ಇನ್ನ ಆ ಗೊಂಬಿ ನನಗ ಬ್ಯಾಡ" ಅಂದಳು. ನನಗೆ ಮೈಯೆಲ್ಲ ಉರಿಯಿತು. ದೊಡ್ಡವರನ್ನು ಬೈಯುವಂತಿಲ್ಲ, ಕೊಡಲಿಯನ್ನಾದರೂ ಎಸೆಯಬಹುದಲ್ಲ! ಎರಡೂ ಕೈಯಲ್ಲಿ ಎಳೆದುಕೊಂಡು ಹೋಗಿ ಬಾವಿಗೆ ಬಿಟ್ಟೆ. ಗುಡುಮ್ ಅಂದಿತು. "ಯಾರಲೇ ಅದು?" ಎಂದು ಅಪ್ಪ ಕೂಗಿದ. ಅಷ್ಟರಲ್ಲಿ ನಾನು ಬಂಡೆಯ ಹಿಂದೆ ಸೇರಿಕೊಂಡಿದ್ದೆ.

ಸಂಜೆ ಅಪ್ಪನೇ ಜಾಲಿಮುಳ್ಳು ಹೊತ್ತು ತಂದ. ಮೇಕೆ ಬಾಯಿ ಹಾಕದಂತೆ ಬುಡದ ಸುತ್ತ ಬೇಲಿ ಕಟ್ಟಿದ. ಕೈಯೆಲ್ಲ ಗೀಚಿತ್ತು. ಅಜ್ಜಿ ನೋಡಿ ಒಳಗೆ ಹೋದಳು. ಮದುವೆಯ ದಿನ ತನ್ನ ಮೂಗು ಸವೆದ ಗೊಂಬೆಗಳನ್ನೇ ಅಕ್ಕನ ಉಡಿಗೆ ಹಾಕಿದಳು. ಅಕ್ಕ ಅವನ್ನು ಎದೆಗೊತ್ತಿಕೊಂಡು ಗಾಡಿ ಹತ್ತಿದಳು. ಮುಂದಿನ ಮಳೆಗೆ ಬುಡ ಮೂರು ಕಡೆ ಚಿಗುರಿತು. ಗಟ್ಟಿಯಾದ ಒಂದನ್ನು ಅಜ್ಜಿ ಉಳಿಸಿದಳು.

ನೀವು ಜೋಕಾಲಿ ಕಟ್ಟಿರುವುದು ಆ ಚಿಗುರು ಬೆಳೆದ ಮರಕ್ಕೇ ಮಕ್ಕಳೇ. ನಮ್ಮ ಕಾಲದಲ್ಲಿ ಹಳೆಯ ಮರ ಕಡಿಯಲು ಅರ್ಧ ದಿನ ಬೇಕಾಯಿತು. ಈಗ ಗುರ್ರೆನ್ನುವ ಗರಗಸಕ್ಕೆ ಅರೆಗಳಿಗೆ ಸಾಕು. ಕಡಪದ ಕಡೆಯ ಕಾಡುಗಳಲ್ಲಿ ಕಳ್ಳರು ಇಂಥ ಮರಗಳನ್ನು ಕಡಿದು ಸಾಗಿಸುತ್ತಾರಂತೆ. ಕೇಳಿದರೆ ಈ ವಯಸ್ಸಿನಲ್ಲೂ ನನ್ನ ಕೈ ಕೊಡಲಿ ಹುಡುಕುತ್ತದೆ, ಬಾವಿಗೆಸೆಯಲು! ಇವತ್ತು ಬೆಳಿಗ್ಗೆ ಬೈಕಿನಲ್ಲಿ ಬಂದವನೊಬ್ಬ "ಒಳಗ ಕೆಂಪು ಎಷ್ಟೈತಿ, ಸ್ವಲ್ಪ ಕೆತ್ತಿ ನೋಡ್ಲೇನವ್ವಾ?" ಎಂದು ಚಾಕು ತೆಗೆದ. ನಾನು ಏಳುವ ಮೊದಲೇ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಮರಕ್ಕೆ ಬೆನ್ನು ಹಚ್ಚಿ ನಿಂತು, "ಮುಟ್ಟಿ ನೋಡಲೇ!" ಅಂದಳಲ್ಲ, ಅಲ್ಲಿ ನನ್ನಜ್ಜಿಯೇ ನಿಂತಂತಿತ್ತು. ಅವನು ಓಡಿಹೋದ.

ಒಳಗೆ ಎಷ್ಟು ಕೆಂಪಾಗಿದೆ ಅಜ್ಜೀ, ಎಂದು ಆಮೇಲೆ ನೀವೂ ಕೇಳಿದಿರಿ. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಾಗುವುದು ಬೇಡ.