ಹುಳುಮನೆಯ ಜಗಲಿಗೆ ಹತ್ತಿದ ಬೈಕು

ನನ್ನ ಗಂಡನಿಗೆ ಒಂದು ಬೈಕು ಕಂಪನಿಯ ಚರಿತ್ರೆ ಬಾಯಿಪಾಠ. ಹಿಮ ಬೀಳುವ ಯಾವುದೋ ದೇಶದಲ್ಲಿ ಒಬ್ಬ ಮೆಕ್ಯಾನಿಕ್ಕು ರಿಪೇರಿ ಶೆಡ್ಡು ಹಾಕಿದ್ದು, ಅಲ್ಲೇ ಸ್ವಂತ ಬೈಕು ಕಟ್ಟಿದ್ದು, ಕಲ್ಲು ಕೆಸರಿನ ರೇಸುಗಳಲ್ಲಿ ಗೆದ್ದಿದ್ದು, ಆಮೇಲೆ ದಿವಾಳಿಯಾಗಿ ಕಂಪನಿ ತುಂಡುತುಂಡಾಗಿ ಮಾರಾಟವಾಗಿದ್ದು, ಬೈಕಿನ ತುಂಡನ್ನು ಕೊಂಡವರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು, ಎಲ್ಲವನ್ನೂ ಹರಿಕಥೆಯ ಹಾಗೆ ಹೇಳುತ್ತಾರೆ. ಮುದ್ದೆ ಕಟ್ಟುತ್ತ ಕೇಳಿ ಕೇಳಿ ನನಗೂ ಬಂದುಬಿಟ್ಟಿದೆ. ಈಗಿನ ಮಾಡೆಲ್ಲುಗಳೂ ಗೊತ್ತು. ಮಕ್ಕಳಿಗೆ ಬ್ಯಾಟರಿಯದು, ಬರೀ ನೆಗೆಯುವುದಕ್ಕೆಂದು ದೀಪವೂ ಇಲ್ಲದ ಎತ್ತರದ್ದು, ಮರಳುಗಾಡು ದಾಟಲು ದೊಡ್ಡ ಟ್ಯಾಂಕಿನದು, ನಮ್ಮ ರೋಡಿಗೂ ಗುಡ್ಡಕ್ಕೂ ಆಗುವಂಥದ್ದು. ಈ ಕೊನೆಯದನ್ನು ಅವರು ಸೆಕೆಂಡ್‌ಹ್ಯಾಂಡಿನಲ್ಲಿ ತಂದರು. ಮಾಲೂರು ಕಡೆಯ ಫ್ಯಾಕ್ಟರಿಯಲ್ಲಿ ವಾರವೆಲ್ಲ ದುಡಿದು, ಭಾನುವಾರ ಮುಳಬಾಗಿಲಿನ ಬಂಡೆಗಳ ಮೇಲೆ ಅದನ್ನು ಹತ್ತಿಸುವುದೇ ಅವರ ಪೂಜೆ. ನಾನು ಅಡ್ಡ ಬಂದವಳಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ದೇವರು ಅಷ್ಟಾದರೂ ಕರುಣೆ ತೋರಿದ್ದಾನೆ ಎಂದುಕೊಂಡಿದ್ದೆ.

ನನ್ನ ಪೂಜೆ ಹುಳುಮನೆಯಲ್ಲಿ. ಹುತ್ತೂರಿನ ಹತ್ತಿರದ ನಮ್ಮ ಊರಿನಲ್ಲಿ ರೇಷ್ಮೆಹುಳು ಎಂದರೆ ಮನೆಗೆ ಬಂದ ದೇವರು. ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ. ಒಗ್ಗರಣೆಯ ಹೊಗೆ ಕೂಡ ತಾಗಬಾರದು. ಮುಟ್ಟಾದ ಹೆಂಗಸು ಆ ಬಾಗಿಲ ಬಳಿ ಸುಳಿಯಬಾರದು. ಈ ನೇಮವನ್ನು ನಾನು ಯಾರ ಭಯಕ್ಕೂ ನಡೆಸಿದ್ದಲ್ಲ, ನಂಬಿ ನಡೆಸಿದ್ದು. ಮದುವೆಯಾದ ಹೊಸತರಲ್ಲೇ ಅತ್ತೆ ಆ ಮನೆಯ ಬೀಗದ ಕೈಯನ್ನು ನನಗೆ ಕೊಟ್ಟಿದ್ದರು. ಅಡುಗೆಮನೆಯಲ್ಲಿ ನಾನು ಸೊಸೆ, ಹುಳುಮನೆಯಲ್ಲಿ ಯಜಮಾನಿ.

ಈ ಬೇಸಿಗೆಯ ಬೆಳೆಯಲ್ಲಿ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಅಲುಗಾಡದೆ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದರೆ ತಡೆಯಲಾರದ ಹಸಿವು, ಅದರ ಬೆನ್ನಿಗೇ ಗೂಡು. ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ತಂದು ಹುಳುಮನೆಯ ಜಗಲಿಯಲ್ಲಿ ರಾಶಿ ಹಾಕಿ, ಬಾಡದಿರಲೆಂದು ಒದ್ದೆ ಗೋಣಿತಾಟು ಹೊದಿಸಿದ್ದೆ. ನೆರಳಿದೆಯೆಂದು ನನ್ನ ಗಂಡ ಬೈಕನ್ನೂ ಅದೇ ಜಗಲಿಗೆ ಹತ್ತಿಸಿದರು. ಅದನ್ನು ನೋಡಲು ಶ್ರೀನಿವಾಸಪುರದಿಂದ ಇಬ್ಬರು ಗೆಳೆಯರು ಬಂದಿದ್ದರು. ಕಥೆ ದಿವಾಳಿಯವರೆಗೆ ಬಂದಿತ್ತು. ನನ್ನ ಗಂಡನ ಕೈಯಲ್ಲಿ ಚೈನಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಡಬ್ಬ.

"ರೀ, ಅಲ್ಲಿ ಹುಳದ ಸೊಪ್ಪೈತೆ. ಆಚೆ ತಗೊಂಡೋಗಿ ಹೊಡೀರಿ," ಅಂದೆ.

"ಗಾಳಿ ಆ ಕಡೆ ಬೀಸ್ತೈತೆ ಕಣೇ. ಗೋಣಿ ಬೇರೆ ಹೊದ್ಸಿದೀಯ."

ಗೆಳೆಯರಲ್ಲಿ ಒಬ್ಬ ಕೈ ತಟ್ಟಿ ನಕ್ಕ. "ಏನ್ಲಾ, ಬಿದ್ದೋದ್ ಕಂಪ್ನಿ ಎದ್ದು ನಿಂತ್ಕೊಳ್ತು, ನೀನು ಹೆಂಡ್ತಿ ಮುಂದೆ ನಿಂತ್ಕೊಳಕಾಗಲ್ವಲ್ಲೋ!"

ಆ ನಗೆಯಾದ ಮೇಲೆ ಬೈಕು ಜಗಲಿ ಇಳಿಯುವ ಹಾಗಿರಲಿಲ್ಲ. ಬಂದವರಿಗೆ ಊಟ ಆಗಬೇಕಿತ್ತು, ನಾನು ಅಡುಗೆಗೆ ಹೋದೆ. ಎಣ್ಣೆ ಹೊಡೆದ ಚೈನನ್ನು ಒರೆಸಲು ಬಟ್ಟೆ ಸಿಗದೆ ಇವರು ಸೊಪ್ಪಿನ ಗೋಣಿತಾಟನ್ನೇ ಎಳೆದುಕೊಂಡಿದ್ದಾರೆ. ಒರೆಸಿದ ಮೇಲೆ ಅದನ್ನೇ ಸೊಪ್ಪಿಗೆ ಮತ್ತೆ ಹೊದಿಸಿದ್ದಾರೆ. ಸೊಪ್ಪು ಬಾಡಬಾರದು ಎಂಬ ಕಾಳಜಿ ಪುಣ್ಯಾತ್ಮರಿಗೆ ಅಷ್ಟರಮಟ್ಟಿಗೆ ಇತ್ತು. ಸಂಜೆ ನಾನಿನ್ನೂ ಒಲೆಯ ಮುಂದೆ ಇದ್ದೆನೆಂದು ಅತ್ತೆ ಸ್ನಾನ ಮಾಡಿ ನನ್ನ ಬದಲು ಮೇವು ಹಾಕಿದರು. ಅವರಿಗೆ ನೆಗಡಿ, ವಾಸನೆ ಹತ್ತಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಹುಳುಗಳು ತಲೆಯೆತ್ತಿ ತೂಗಾಡುತ್ತಿದ್ದವು. ಬಾಯಲ್ಲಿ ಹಸಿರು ನೀರು. ಗೆಳೆಯರು ಬರುವ ಮುಂಚೆಯೇ ನಾನು ಮೇವು ಹಾಕಿ ಮುಗಿಸಿದ್ದರಿಂದ ಅತ್ತೆ ಬಿಟ್ಟಿದ್ದ ಮೂಲೆಯ ಅಂಕಣವೊಂದು ಮಾತ್ರ ಚೆನ್ನಾಗಿತ್ತು. ಆ ಮೂಲೆಗೆ ಕೈಮುಗಿದೆ.

"ಅಯ್ಯೋ ದೇವುಡಾ!" ಬೈರಕೂರು ಕಡೆಯ ಅತ್ತೆಗೆ ಸಂಕಟ ಬಂದರೆ ತೆಲುಗು ಮೊದಲು. "ಏಮ್ಮಾ, ನಿಜ ಹೇಳು. ಮುಟ್ಟಾಗಿ ಒಳಗೆ ಬಂದ್ಯಾ?"

"ಇಲ್ಲ ಅತ್ತೆ, ದೇವರಾಣೆ."

"ಮತ್ತೆ ಹುಳ ಸುಮ್‌ಸುಮ್ನೆ ಸಾಯ್ತವಾ?"

ನಾನು ಗೋಣಿತಾಟು ತಂದು ಹರಡಿದೆ. ಚೈನಿನ ಹಲ್ಲುಗಳು ಸಾಲಾಗಿ ಕಪ್ಪಗೆ ಮೂಡಿದ್ದವು. ಅತ್ತೆ ಅದರ ಕಡೆ ತಿರುಗಲೂ ಇಲ್ಲ. "ಗೋಣಿ ಕೊಳೆ ಆದ್ರೆ ಹುಳ ಸಾಯಲ್ಲಮ್ಮ, ಮನ್ಷ ಕೊಳೆ ಆದ್ರೆ ಸಾಯ್ತವೆ," ಅಂದರು.

ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. "ಹೇಳ್ರಿ," ಅಂದೆ. ಅವರು ಗೋಣಿ ನೋಡಿದರು, ತಾಯಿಯ ಮುಖ ನೋಡಿದರು. "ಸೆಕೆ ಜಾಸ್ತಿ ಆಗಿತ್ತೇನೋ, ಏನೋ ಆಯ್ತು ಬಿಡಮ್ಮ," ಎಂದು ಗೋಣಿಯನ್ನು ಮಡಚಿ ನೀರಿನ ತೊಟ್ಟಿಗೆ ಹಾಕಿದರು.

ಸತ್ತ ಹುಳುಗಳನ್ನು ಬಾಚಿ ಗುಂಡಿಗೆ ಸುರಿದು ಸುಣ್ಣ ಹಾಕಿದವಳು ನಾನೇ. ಅತ್ತೆ ಹುಳುಮನೆಯನ್ನೆಲ್ಲ ಅರಿಶಿನದ ನೀರಿನಲ್ಲಿ ತೊಳೆಸಿ, ಬೀಗದ ಕೈ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನಿನ್ನು ಹೊಸ್ತಿಲಾಚೆ.

ಗಂಡನನ್ನು ಕೇಳಿದೆ, "ಒಂದ್ ಮಾತು ಹೇಳಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?"

"ಅಮ್ಮಂಗೆ ಗೊತ್ತಾದ್ರೆ ಬೈಕ್ ಮಾರ್ಸಿಬಿಡ್ತಾಳೆ ಕಣೇ. ನಿನ್ ಮೇಲಿನ ಕೋಪ ಆದ್ರೆ ನಾಲ್ಕು ದಿನಕ್ಕೆ ಇಳೀತದೆ."

ಇಳಿದಿಲ್ಲ. ಈಗ ಹೊಸ ಹುಳು ಬಂದಿದೆ. ಮೊದಲ ಜ್ವರದ ಮರಿಗಳು ಅತ್ತೆಯ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬಾಗಿದರೆ ಸೊಂಟ ಹಿಡಿಯುತ್ತದೆ, ಆದರೂ ನನ್ನನ್ನು ಕರೆಯುವುದಿಲ್ಲ. ನಾನು ಈಗಲೂ ಸ್ನಾನ ಮಾಡಿಯೇ ಸೊಪ್ಪು ಕೊಯ್ಯುತ್ತೇನೆ. ದೇವರಿಗೆ ಗೊತ್ತಿದೆ ಎನ್ನುವುದೊಂದು ಸಮಾಧಾನ. ಆದರೆ ಗೊತ್ತಿದ್ದೂ ಬಾಯಿ ಬಿಡದವರಲ್ಲಿ ಅವನೂ ಒಬ್ಬನಾದನಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ತಕ್ಷಣ ಕೆನ್ನೆ ತಟ್ಟಿಕೊಳ್ಳುತ್ತೇನೆ.

ಮೊನ್ನೆ ನನ್ನ ಗಂಡ ಯಾರೂ ಹೇಳದೆಯೇ ಬೈಕನ್ನು ಜಗಲಿಯಿಂದ ಇಳಿಸಿ ದನದ ಕೊಟ್ಟಿಗೆಯ ಹಿಂದಕ್ಕೆ ತಳ್ಳಿಕೊಂಡು ಹೋದರು. ನಾನು ಸೊಪ್ಪಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದಿದ್ದೆ. ಒಳಗಿನಿಂದ ಅತ್ತೆ ಅಂದರು, "ನೋಡಮ್ಮಾ, ಹುಳದ ಮೇಲೆ ನನ್ನ ಮಗನಿಗೆ ಎಷ್ಟು ಭಕ್ತಿ! ಇವನನ್ನ ನೋಡಾದ್ರೂ ಕಲ್ತ್ಕೋ. ಬುಟ್ಟಿ ಅಲ್ಲೇ ಇಡು."

ಇಟ್ಟು ಬಂದೆ.