ಕಂಡಕ್ಟರ್ ಭಾಗ್ಯಮ್ಮನ ಹೊಟ್ಟೆಯುರಿ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಆಗ ನಾನು ಹಾಸನದಲ್ಲಿ ಮನೆ ಮಾಡಿಕೊಂಡು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನರ್ಸಿಂಗ್ ಹೋಮುಗಳಿಗೆ ಅರಿವಳಿಕೆ ತಜ್ಞನಾಗಿ ಓಡಾಡುತ್ತಿದ್ದೆ. ತಾಲ್ಲೂಕು ಊರುಗಳ ಸಣ್ಣ ಆಸ್ಪತ್ರೆಗಳಿಗೆ ಸ್ವಂತ ಅರಿವಳಿಕೆ ವೈದ್ಯರನ್ನು ಇಟ್ಟುಕೊಳ್ಳುವಷ್ಟು ಕೆಲಸ ಇರುವುದಿಲ್ಲ. ಆಪರೇಷನ್ ಇದ್ದ ದಿನ ಫೋನ್ ಮಾಡುತ್ತಾರೆ, ನಾವು ಕಾರಿಗೆ ಚೀಲ ಹಾಕಿಕೊಂಡು ಹೊರಡುತ್ತೇವೆ. ಜನರ ಬಾಯಲ್ಲಿ ನಮಗೆ ‘ಮತ್ತು ಕೊಡೋ ಡಾಕ್ಟ್ರು’ ಎಂದು ಹೆಸರು. ಒಮ್ಮೆ ಚನ್ನರಾಯಪಟ್ಟಣದ ಹೋಟೆಲಿನಲ್ಲಿ ರೋಗಿಯ ಕಡೆಯವರೊಬ್ಬರು ಹಾಗೆಂದು ಜೋರಾಗಿ ಕೂಗಿ ನಮಸ್ಕಾರ ಹೇಳಿದ್ದಕ್ಕೆ ಪಕ್ಕದ ಮೇಜಿನವರು ನನ್ನನ್ನು ಬಾರಿನ ಮಾಲೀಕನೆಂದುಕೊಂಡು ಕುರ್ಚಿ ಸರಿಸಿ ಕೂತರು. ಆ ಹೆಸರಿನ ಬಗ್ಗೆ ನನಗೇನೂ ಬೇಸರವಿರಲಿಲ್ಲ. ಆದರೆ ಅದೇ ಮತ್ತಿಗೆ ಹೆದರಿ ಎರಡು ವರ್ಷ ಆಪರೇಷನ್ ಮುಂದೂಡಿದ್ದ ಹೆಂಗಸೊಬ್ಬರನ್ನು ಹೊಳೆನರಸೀಪುರದಲ್ಲಿ ಕಂಡೆ.

ಹೆಸರು ಭಾಗ್ಯಮ್ಮ. ಕೊಣನೂರು ಕಡೆಯವರು, ಸರ್ಕಾರಿ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತನಾಲ್ಕು. ಗರ್ಭಕೋಶದ ತುಂಬ ಫೈಬ್ರಾಯ್ಡ್ ಎಂಬ ಗಡ್ಡೆಗಳು. ಅವು ಕ್ಯಾನ್ಸರ್ ಅಲ್ಲ, ಆದರೆ ತಿಂಗಳು ತಿಂಗಳು ರಕ್ತ ಹರಿಸಿ ಹೆಂಗಸನ್ನು ಹಿಂಡಿ ಹಾಕುತ್ತವೆ. ತುಂಬಿದ ಬಸ್ಸಿನಲ್ಲಿ ನಿಂತೇ ದಿನ ಕಳೆಯುವ ಕೆಲಸದವರಿಗೆ ಅದು ಎಂಥ ಸಂಕಟ ಎಂದು ಬಿಡಿಸಿ ಹೇಳಬೇಕಿಲ್ಲ. ಹೀಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ನರ್ಸಿಂಗ್ ಹೋಮಿನ ಒಡತಿ, ಸ್ತ್ರೀರೋಗ ತಜ್ಞೆ ಡಾ. ಶೈಲಜಾ ಮಾತ್ರೆಗಳನ್ನೆಲ್ಲ ಕೊಟ್ಟು ನೋಡಿ, ಗರ್ಭಕೋಶ ತೆಗೆಯುವುದೊಂದೇ ದಾರಿ ಎಂದಿದ್ದರು. ರಕ್ತ ಕೊಟ್ಟು, ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು ಹೀಮೋಗ್ಲೋಬಿನ್ ಹತ್ತಕ್ಕೆ ತಂದದ್ದೂ ಆಯಿತು. ಆದರೆ ದಿನ ಗೊತ್ತು ಮಾಡಿದಾಗಲೆಲ್ಲ ಭಾಗ್ಯಮ್ಮ ನಾಪತ್ತೆ. ಕೊನೆಗೆ ಶೈಲಜಾ, “ಸಾರ್, ಆಕೆಗೆ ನನ್ನ ಚಾಕು ಕಂಡರೆ ಭಯ ಇಲ್ಲ, ನಿಮ್ಮನ್ನ ಕಂಡರೆ ಭಯ. ನೀವೇ ಬಂದು ಮಾತಾಡಿ” ಎಂದು ನನ್ನನ್ನು ಕರೆಸಿದರು.

“ಕುಯ್ಯಕ್ಕೆ ನಂದೇನೂ ತಕರಾರಿಲ್ಲ ಸಾ,” ಎಂದರು ಭಾಗ್ಯಮ್ಮ, ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವಂಥ ದನಿಯಲ್ಲಿ. “ಆಮೇಲ್ ಕೊಡ್ತಾರಲ್ಲ, ಆ ಮತ್ತಿನ್ ಇಂಜೆಕ್ಸನ್, ಅದು ಬ್ಯಾಡ.”

ಜೊತೆಯಲ್ಲಿ ಮಗಳು ರಂಜಿತಾ ನಿಂತಿದ್ದಳು. ಹಾಸನದಲ್ಲಿ ಬಿ.ಕಾಂ. ಓದುತ್ತಿದ್ದ ಹುಡುಗಿ. ಅವಳು ಹುಟ್ಟಿದ್ದು ಸಿಸೇರಿಯನ್‌ನಲ್ಲಿ, ಬೇರೆ ಯಾವುದೋ ಊರಿನ ಆಸ್ಪತ್ರೆಯಲ್ಲಿ. “ಒಂದ್ ಅಗ್ಲು ಒಂದ್ ರಾತ್ರಿ ನೋವು ತಿಂದು, ಆಮೇಲ್ ಕುಯ್ದ್ರು. ಕುಯ್ದ್ಮೇಲೆ ಇಂಜೆಕ್ಸನ್ ಕೊಟ್ರು ನೋಡಿ ಸಾ, ಎರಡ್ ದಿನ ವಾಂತಿ. ಕಣ್ ಬುಟ್ರೆ ಸೂರು ತಿರುಗದು. ಇವ್ಳು ಪಕ್ಕದಾಗೇ ಅಳ್ತಾ ಇದ್ಲು, ಕೇಳದು, ತಲೆ ಎತ್ತಕ್ಕಾಯ್ತಿರ್ಲಿಲ್ಲ. ಯಾರೋ ಪುಣ್ಯಾತ್ಗಿತ್ತಿ ಆಲು ಕುಡುಸಿದ್ಲಂತೆ. ಎತ್ತ್ ತಾಯಿ ನಾನು, ಮೂರ್ನೇ ದಿನ ಮೊಕ ನೋಡ್ದೆ.” ಕೊನೆಯ ಮಾತಿಗೆ ಆ ದೊಡ್ಡ ದನಿ ಇಳಿದಿತ್ತು. ರಂಜಿತಾ ನೆಲ ನೋಡುತ್ತಿದ್ದಳು.

ಅವರು ಹೇಳುತ್ತಿದ್ದ ಔಷಧಿ ಯಾವ ಜಾತಿಯದು ಎಂದು ಊಹಿಸುವುದು ಕಷ್ಟವಿರಲಿಲ್ಲ. ದೊಡ್ಡ ಆಪರೇಷನ್ನಿನ ನೋವಿಗೆ ನಾವು ಸಾಮಾನ್ಯವಾಗಿ ಕೊಡುವುದು ಒಪಿಯಾಯ್ಡ್ ಗುಂಪಿನದು, ಅಂದರೆ ಅಫೀಮಿನ ಕುಲದ್ದು. ಮಾರ್ಫಿನ್ ಆ ಕುಲದ ಹಿರಿಯ, ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ಟ್ರಮಡಾಲ್ ದೂರದ ನೆಂಟ. ನೋವನ್ನು ಚೆನ್ನಾಗಿಯೇ ಇಳಿಸುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವರಿಗೆ ವಾಂತಿ, ತಲೆಸುತ್ತು, ಮಂಪರು ವಿಪರೀತ. ಹೆಂಗಸರಿಗೆ ಇನ್ನೂ ಜಾಸ್ತಿ, ಪ್ರಯಾಣದಲ್ಲಿ ಹೊಟ್ಟೆ ತೊಳಸುವ ಹೆಂಗಸರಿಗೆ ಕೇಳುವುದೇ ಬೇಡ. “ಬಸ್ಸಲ್ಲಿ ವಾಂತಿ ಆಗುತ್ತಾ?” ಎಂದು ಕೇಳಿಬಿಟ್ಟೆ. ಕಂಡಕ್ಟರಿಗೆ ಕೇಳುವ ಪ್ರಶ್ನೆಯೇ ಇದು ಎಂದು ನನಗೇ ನಗು ಬಂತು. ಭಾಗ್ಯಮ್ಮ ಆಚೀಚೆ ನೋಡಿ ದನಿ ತಗ್ಗಿಸಿದರು. “ಕೆಲ್ಸಕ್ ಸೇರ್ದ ವಸದ್ರಲ್ಲಿ ಆಯ್ತಿತ್ತು ಸಾ. ಜೇಬ್ನಾಗೆ ನಿಂಬೆಣ್ಣು ಮಡಿಕಂಡು ಟಿಕೆಟ್ ಕೊಡ್ತಿದ್ದೆ. ಯಾರ್ಗೂ ಏಳ್ಬ್ಯಾಡಿ.” ಇಲ್ಲಿ ಬರೆಯಲು ಆಮೇಲೆ ಅವರೇ ನಗುತ್ತಾ ಒಪ್ಪಿಗೆ ಕೊಟ್ಟರು.

ನಾನು ಹೇಳಿದ ಯೋಜನೆ ಇಷ್ಟು. ಆಪರೇಷನ್ನಿಗೆ ಮುಂಚೆಯೇ ಪ್ಯಾರಾಸಿಟಮಾಲ್. ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್, ಸೊಂಟದ ಕೆಳಗೆ ಮರಗಟ್ಟುತ್ತದೆ, ಎಚ್ಚರ ಇರುತ್ತದೆ. ಹೊಲಿಗೆ ಹಾಕುವಾಗ ಗಾಯದ ಅಂಚಿಗೆ ಮರಗಟ್ಟಿಸುವ ಔಷಧಿ, ಜೊತೆಗೆ ಊತ ಮತ್ತು ನೋವು ಇಳಿಸುವ ಡೈಕ್ಲೋಫೆನಾಕ್. ಅದನ್ನು ಕೊಡುವ ಮೊದಲು ಮೂತ್ರಪಿಂಡ, ಹೊಟ್ಟೆಹುಣ್ಣು, ಉಬ್ಬಸ ಇತ್ಯಾದಿ ವಿಚಾರಿಸಿಕೊಳ್ಳಬೇಕು, ವಿಚಾರಿಸಿದೆ. ಆಮೇಲೆ ಆರು ಗಂಟೆಗೊಮ್ಮೆ ಪ್ಯಾರಾಸಿಟಮಾಲ್ ಡ್ರಿಪ್. ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಅಂಥ ಬಲಶಾಲಿಯಲ್ಲ. ಹೊತ್ತಿಗೆ ಸರಿಯಾಗಿ ಒಟ್ಟಿಗೆ ಬಿದ್ದರೆ ಮಾತ್ರ ಕೆಲಸ ಮಾಡುತ್ತವೆ. “ಟ್ರಮಡಾಲ್ ನನ್ನ ಚೀಲದಲ್ಲಿ ಇರುತ್ತೆ ಭಾಗ್ಯಮ್ಮ. ಸುಳ್ಳು ಹೇಳಲ್ಲ, ತೀರಾ ತಡೆಯಕ್ಕಾಗದಿದ್ದರೆ ಬೇಕಾಗಬಹುದು, ವಾಂತಿ ತಡೆಯೋ ಮದ್ದಿನ ಜೊತೆಗೇ ಕೊಡ್ತೀವಿ. ಆದರೆ ನಿಮ್ಮನ್ನ ಕೇಳದೆ ಯಾರೂ ಚುಚ್ಚಲ್ಲ,” ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ಹರಿದ ನೋಟು ನೋಡುವ ಹಾಗೆ ನೋಡಿ, ಆಯಿತು ಎಂದರು.

ಶೈಲಜಾ ಅವರಿಗೆ ಮಾತ್ರ ನಂಬಿಕೆ ಬರಲಿಲ್ಲ. “ಹೊಟ್ಟೆ ಕೊಯ್ದಿರೋರಿಗೆ ಪ್ಯಾರಾಸಿಟಮಾಲಾ ಸಾರ್? ನಾಳೆ ಕ್ಯಾನ್ಸರಿಗೆ ಕಷಾಯ ಕೊಡಿ” ಎಂದು ಕಾಲೆಳೆದರು.

ಆಪರೇಷನ್ ದಿನ ಬೆಳಿಗ್ಗೆ ಎಂಟಕ್ಕೆ ಮಾತ್ರೆ ಕೈಗೆ ಕೊಟ್ಟರೆ ಭಾಗ್ಯಮ್ಮ ತಕರಾರು ತೆಗೆದರು. “ನೋವೇ ಇಲ್ವಲ್ಲ ಸಾ, ಈಗ್ಲೇ ಯಾಕೆ?” ಇದು ಎಲ್ಲರೂ ಕೇಳುವ ಪ್ರಶ್ನೆ. ಗಾಯವಾದಾಗ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಆ ಸುದ್ದಿ ಎಡೆಬಿಡದೆ ಬಡಿಯತೊಡಗಿದರೆ ಬೆನ್ನುಹುರಿ ಕೆರಳಿ, ಆಮೇಲೆ ಸಣ್ಣದನ್ನೂ ದೊಡ್ಡದು ಮಾಡಿ ಮೆದುಳಿಗೆ ಮುಟ್ಟಿಸುತ್ತದೆ. ಕೆರಳುವ ಮೊದಲೇ ತಡೆದರೆ ಕಡಿಮೆ ಔಷಧಿಯಲ್ಲಿ ಕೆಲಸ ಮುಗಿಯುತ್ತದೆ. “ಹಾಲು ಉಕ್ಕೋಕೆ ಮೊದಲೇ ಉರಿ ತಗ್ಗಿಸ್ತೀರೋ, ಉಕ್ಕಿದ ಮೇಲೋ?” ಎಂದೆ. ಅವರು ಮಾತ್ರೆ ಬಾಯಿಗೆ ಹಾಕಿಕೊಂಡು, ಹೊಟ್ಟೆ ಖಾಲಿ ಇರಬೇಕೆಂದು ನಾನು ಅಳತೆ ಮಾಡಿ ಕೊಟ್ಟ ಒಂದು ಗುಟುಕು ನೀರು ಕುಡಿದರು.

ಆಪರೇಷನ್ ಸಲೀಸಾಗಿ ಆಯಿತು. ಮಧ್ಯಾಹ್ನದ ಹೊತ್ತಿಗೆ ಭಾಗ್ಯಮ್ಮ ವಾರ್ಡಿನಲ್ಲಿದ್ದರು. ಆ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯವರಿಗೂ ಆಪರೇಷನ್ ಆದವರಿಗೂ ಒಂದೇ ಕೋಣೆ. ಪಕ್ಕದ ಮಂಚದಲ್ಲಿ ಹಳ್ಳಿಮೈಸೂರಿನ ಚೊಚ್ಚಲ ಬಸುರಿಯೊಬ್ಬಳು ಸೊಂಟ ಹಿಡಿದುಕೊಂಡು ಹೊರಳುತ್ತಿದ್ದಳು. ವಾರ್ಡು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಪುಟ್ಟಲಕ್ಷ್ಮಿ, ಅರಕಲಗೂಡಿನವರು, ಹೆರಿಗೆ ಮಾಡಿಸುವುದರಲ್ಲಿ ಪಳಗಿದ ಕೈ. ಎರಡು ಗಂಟೆಗೆ ಡ್ರಿಪ್ ಹಾಕಬೇಕೆಂದು ಹೇಳಿ, ಚನ್ನರಾಯಪಟ್ಟಣದಲ್ಲಿ ಇನ್ನೊಂದು ಆಪರೇಷನ್ ಇದ್ದುದರಿಂದ ಹೊರಟೆ.

ನಾಲ್ಕೂವರೆಗೆ ಶೈಲಜಾ ಫೋನ್ ಮಾಡಿದರು. “ಸಾರ್, ಭಾಗ್ಯಮ್ಮ ಹಲ್ಲು ಕಚ್ಚಿಕೊಂಡು ಮಲಗಿದ್ದಾರೆ. ನಾಡಿ ಏರಿದೆ. ರಕ್ತಸ್ರಾವ ಏನೂ ಇಲ್ಲ, ಪೂರ್ತಿ ನೋಡಿದ್ದೀನಿ, ಇದು ನೋವೇ. ಟ್ರಮಡಾಲ್ ಕೈಯಲ್ಲಿದೆ. ಬೇಡ ಅಂತ ನನ್ನ ಮಣಿಕಟ್ಟು ಹಿಡ್ಕೊಂಡಿದ್ದಾರೆ, ಬಿಡ್ತಾ ಇಲ್ಲ.”

“ಎರಡು ಗಂಟೆಗೆ ಹಾಕಬೇಕಿದ್ದ ಡ್ರಿಪ್ ಹಾಕಿದಾರಾ?”

ಆ ಕಡೆ ಪಿಸುಪಿಸು ಮಾತು. ಆಮೇಲೆ, “ಹಾಕಿಲ್ಲ ಸಾರ್.”

“ಈಗಲೇ ಹಾಕಿಸಿ. ನಾನು ಬರ್ತೀನಿ. ಟ್ರಮಡಾಲ್ ಅವರಾಗೇ ಕೇಳಿದರೆ ಮಾತ್ರ.”

ನನಗೆ ಸಿಟ್ಟು ಬರುವುದು ಸ್ವಲ್ಪ ಬೇಗ. ದಾರಿಯುದ್ದಕ್ಕೂ ಸಿಸ್ಟರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೇ ಕಾರು ಓಡಿಸಿದೆ. ಸಿಟ್ಟಿನ ಅಡಿಯಲ್ಲಿ ಭಯವೂ ಇತ್ತು. ಆ ಹೆಂಗಸು ಎರಡು ವರ್ಷ ರಕ್ತ ಸುರಿಸಿಕೊಂಡು ಕಾದದ್ದು ಈ ಒಂದು ಸಂಜೆಗೆ ಹೆದರಿ. ಅದೇ ಸಂಜೆಯನ್ನು ನಾವು ಅವರ ತಲೆಗೆ ಕಟ್ಟುವ ಹಾಗಾಗಿತ್ತು.

ಹೋಗಿ ನೋಡಿದರೆ ಡ್ರಿಪ್ ಮುಗಿದಿತ್ತು, ನೋವು ಕಾಲು ಭಾಗ ಇಳಿದಿರಬಹುದು. ಹಣೆಯಲ್ಲಿ ಬೆವರು. “ಭಾಗ್ಯಮ್ಮ, ನಿಜ ಹೇಳಿ. ಆ ಇಂಜೆಕ್ಷನ್ ಸ್ವಲ್ಪ ಕೊಡಲಾ?” ಎಂದು ಕೇಳಿದೆ. ಅವರು ಕಣ್ಣು ಬಿಡದೆಯೇ, “ಬ್ಯಾಡ ಸಾ. ಬ್ಯಾರೆ ಏನಾರ ಇದ್ರೆ ಮಾಡಿ” ಎಂದರು. ಬೇರೆ ಒಂದಿತ್ತು. ಟ್ಯಾಪ್ ಬ್ಲಾಕ್ ಎನ್ನುತ್ತೇವೆ. ಹೊಟ್ಟೆಯ ಎರಡೂ ಪಕ್ಕದ ಸ್ನಾಯು ಪದರಗಳ ನಡುವೆ ಮರಗಟ್ಟಿಸುವ ಔಷಧಿ ಬಿಟ್ಟರೆ ಗಾಯದ ಕಡೆಯ ನರಗಳು ಸುಮ್ಮನಾಗುತ್ತವೆ. ಬಸುರಿಯರನ್ನು ನೋಡುವ ಸ್ಕ್ಯಾನಿಂಗ್ ಯಂತ್ರವನ್ನು ವಾರ್ಡಿಗೆ ತಳ್ಳಿಸಿಕೊಂಡು ಬಂದು, ಸೂಜಿ ಹೋಗುವ ದಾರಿ ನೋಡಿಕೊಂಡು ಎರಡೂ ಕಡೆ ಕೊಟ್ಟೆ. ರಂಜಿತಾ ಅಮ್ಮನ ಕೈ ಹಿಡಿದುಕೊಂಡಿದ್ದಳು. ಶೈಲಜಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಿಗಿದ ದವಡೆ ಸಡಿಲವಾಯಿತು, ನಾಡಿ ಇಳಿಯಿತು. ಭಾಗ್ಯಮ್ಮ ಕಣ್ಣು ಬಿಟ್ಟು ಫ್ಯಾನಿನ ಕಡೆ ನೋಡಿ, “ಸೂರು ನಿಂತೈತೆ” ಎಂದರು.

ಆಗ ನಾನು ಸಿಸ್ಟರ್ ಕಡೆ ತಿರುಗಿದೆ. “ಡ್ರಿಪ್ ಯಾಕೆ ಹಾಕಲಿಲ್ಲ?”

“ಸಾ, ಕೇಳ್ದೆ ಸಾ. ಎರಡೆರಡ್ ಸಲ ಕೇಳ್ದೆ. ಇಲ್ಲಿ ನಿಂತ್ಕಂಡೇ, ‘ನೋವು ಬತ್ತಾ ಐತಾ’ ಅಂದೆ. ಇಲ್ಲ ಅಂದ್ರು. ನೋವಿಲ್ದೋರ್ಗೆ ಯಾಕೆ ಅಂತ ಎತ್ತಿ ಮಡಗ್ದೆ.”

ಮಂಚದಿಂದ ಕಂಡಕ್ಟರ್ ದನಿ ಎದ್ದಿತು. “ಅಲ್ಲ ಕಣವ್ವ, ಗರ್ಬಕೋಸನೇ ಕಿತ್ತಾಕ್ಬುಟ್ಟವ್ರೆ, ಇನ್ನ ನಂಗ್ಯಾವ ನೋವು ಬತ್ತದೆ? ನೀನು ಈ ಬಸ್ರಿ ಎಂಗ್ಸ್ನ ಕೇಳ್ತಿದ್ದೀಯ ಅನ್ಕಂಡೆ. ಆಮ್ಯಾಕೆ ನಂಗೇ ಅಂತ ಗೊತ್ತಾಗಿ, ಇವ್ಳಿಗೇನ್ ತಲೆ ಕೆಟ್ಟದಾ ಅಂತ ಇಲ್ಲ ಅಂದೆ!”

ಶೈಲಜಾ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಹೆರಿಗೆ ಕೋಣೆಯಲ್ಲಿ ‘ನೋವು ಬರುವುದು’ ಎಂದರೆ ಒಂದೇ ಅರ್ಥ, ಹೆರಿಗೆಯ ನೋವು. ನಮ್ಮ ಕಡೆಯ ಹೆಂಗಸರೆಲ್ಲರೂ ಬಲ್ಲ ಅರ್ಥ.

“ಹಾಗಾದ್ರೆ ನಿಮಗೆ ಆಗ್ತಿದ್ದದ್ದನ್ನ ಯಾರಿಗೂ ಹೇಳಲೇ ಇಲ್ವಾ?” ಎಂದೆ.

“ಏಳ್ದೆ ಸಾ! ‘ಒಟ್ಟೆ ಉರೀತದೆ, ಒಟ್ಟೆ ಉರೀತದೆ’ ಅಂತ ಬಡ್ಕಂಡೆ.”

ಪುಟ್ಟಲಕ್ಷ್ಮಿ ಮುಖ ಕೆಂಪಾಯಿತು. “ಅದ್ಕೇ ಗ್ಯಾಸಿನ್ ಇಂಜೆಕ್ಸನ್ ಕೊಟ್ಟೆ ಸಾ.”

ನಾನು ದಾರಿಯುದ್ದಕ್ಕೂ ಜೋಡಿಸಿದ್ದ ಬೈಗುಳಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಇಡೀ ವಾರ್ಡು ನಗುತ್ತಿತ್ತು, ಹಳ್ಳಿಮೈಸೂರಿನ ಹುಡುಗಿ ಕೂಡ ತನ್ನ ಎರಡು ನೋವಿನ ನಡುವೆ ಬಿಡುವು ಮಾಡಿಕೊಂಡು ನಕ್ಕಳು. “ನಗುಸ್ಬ್ಯಾಡಿ, ಒಲಿಗೆ ಇಡ್ಕತದೆ” ಎಂದು ಭಾಗ್ಯಮ್ಮ ಹೊಟ್ಟೆಯ ಮೇಲೆ ದಿಂಬು ಒತ್ತಿಕೊಂಡು ತಾವೂ ನಗುತ್ತಿದ್ದರು. ಸಿಸ್ಟರ್ ಕೇಳಿದ್ದು ಅಚ್ಚ ಕನ್ನಡದಲ್ಲಿ, ರೋಗಿ ಉತ್ತರಿಸಿದ್ದೂ ಅಚ್ಚ ಕನ್ನಡದಲ್ಲಿ. ನೋವು ಮಾತ್ರ ಇಬ್ಬರ ನಡುವೆ ಎರಡೂವರೆ ಗಂಟೆ ಕಾದು ಬಿದ್ದಿತ್ತು.

ನಾನು ಹಾಸನಕ್ಕೆ ಹೊರಡುವ ಮುಂಚೆ ಕೈತೊಳೆದುಕೊಂಡು ಬರುವಷ್ಟರಲ್ಲಿ ಮಂಚದ ತಲೆಭಾಗವನ್ನು ಸ್ವಲ್ಪ ಎತ್ತಿದ್ದರು. ಭಾಗ್ಯಮ್ಮ ಮಗಳನ್ನು ಹತ್ತಿರ ಕರೆದು ಗಲ್ಲ ಹಿಡಿದು ನೋಡುತ್ತಿದ್ದರು, ಮೊದಲ ಸಲ ನೋಡುವವರ ಹಾಗೆ. “ಏನವ್ವ ಇಂಗೆ ನೋಡ್ತಿದ್ದೀಯ?” ಎಂದಳು ರಂಜಿತಾ. “ಸುಮ್ಕಿರು, ಇವತ್ತು ಗ್ಯಾನದಲ್ಲಿವ್ನಿ” ಎಂದರು ತಾಯಿ. ಹುಡುಗಿ ಅಳುತ್ತಾ ಅಮ್ಮನ ಭುಜಕ್ಕೆ ತಲೆಯಿಟ್ಟಳು. ನಾನು ಅಲ್ಲಿಗೆ ಹೋಗಲಿಲ್ಲ. ಈ ವೃತ್ತಿಯಲ್ಲಿ ನನಗೆ ಸಿಕ್ಕ ಸಂತೋಷಗಳಲ್ಲಿ ಅದಕ್ಕಿಂತ ದೊಡ್ಡದು ನೆನಪಿಗೆ ಬರುವುದಿಲ್ಲ. ಭಾಗ್ಯಮ್ಮನಿಗೆ ಟ್ರಮಡಾಲ್ ಬೇಕಾಗಲೇ ಇಲ್ಲ. ಮಾರನೇ ದಿನ ವಾರ್ಡಿನಲ್ಲಿ ನಡೆದಾಡಿದರು, ನಾಲ್ಕನೇ ದಿನ ಮನೆಗೆ ಹೋದರು.

ಆ ನರ್ಸಿಂಗ್ ಹೋಮಿನಲ್ಲಿ ಅಂದಿನಿಂದ ನಿಯಮ ಬದಲಾಯಿತು. ಹೊತ್ತಿನ ಔಷಧಿಯನ್ನು ಯಾರನ್ನೂ ನೋವಿದೆಯಾ ಎಂದು ಕೇಳಿ ಕೊಡುವುದಿಲ್ಲ, ಗಡಿಯಾರ ನೋಡಿ ಕೊಡುತ್ತಾರೆ. ಶೈಲಜಾ ಈಗ ಬೇರೆಯವರಿಗೂ ಅದೇ ಯೋಜನೆಯಿಂದ ಶುರು ಮಾಡುತ್ತಾರೆ. ಎಲ್ಲರಿಗೂ ಅದು ಸಾಲುವುದಿಲ್ಲ, ಸಾಲದವರಿಗೆ ಟ್ರಮಡಾಲ್ ಇದ್ದೇ ಇದೆ, ಅದಕ್ಕೆ ಯಾರೂ ನಾಚಬೇಕಿಲ್ಲ. ಕೇಳುವುದಕ್ಕೂ ನಾವು ಬೇರೆ ದಾರಿ ಹಿಡಿದೆವು. ಕೆಮ್ಮಿ ನೋಡಿ ಎನ್ನುತ್ತೇವೆ, ಮಗ್ಗುಲಾಗಿ ಎನ್ನುತ್ತೇವೆ, ಉರಿ, ಸೆಳೆತ, ಹಿಡಿತ, ಚುಳುಕು ಎಲ್ಲವನ್ನೂ ಒಂದೊಂದಾಗಿ ವಿಚಾರಿಸುತ್ತೇವೆ. ಔಷಧಿ ಗೊತ್ತಿದ್ದರೆ ಸಾಲದು, ಎದುರಿನವರ ಬಾಯಲ್ಲಿ ಅವರ ಸಂಕಟಕ್ಕೆ ಏನು ಹೆಸರು ಎಂದು ಗೊತ್ತಿರಬೇಕು. ಭಾಗ್ಯಮ್ಮ ನನಗೆ ಕಲಿಸಿದ್ದು ಇದನ್ನು. ಪೂರ್ತಿ ಕಲಿತೆ ಎಂದು ನಾನು ಸ್ವಲ್ಪ ಜಂಬವನ್ನೂ ಪಟ್ಟುಕೊಂಡಿದ್ದೆ.

ಇತ್ತೀಚೆಗೆ ಅರಕಲಗೂಡಿನಲ್ಲಿ ಗರ್ಭಕೋಶ ಜಾರಿದ್ದಕ್ಕೆ ಆಪರೇಷನ್ ಮಾಡಿಸಿಕೊಂಡ ಅಜ್ಜಿಯೊಬ್ಬರ ಮಂಚದ ಬಳಿ ನಿಂತು ಅದೇ ಪಾಠ ಒಪ್ಪಿಸಿದೆ. “ಅಜ್ಜಿ, ಹೊಲಿಗೆ ಹಾಕಿದ ಜಾಗ ಉರೀತದಾ? ಹಿಡ್ಕೊಂಡಂಗೆ ಆಗ್ತದಾ? ಚುಳುಕ್ ಅಂತದಾ?”

ಅಜ್ಜಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಇಲ್ಲ ಎಂದು ತಲೆಯಾಡಿಸಿದರು.

“ಅವೇನೂ ಇಲ್ಲ ಕಣಪ್ಪ. ನೋವು, ಅಷ್ಟೆಯ.”