ಅಜ್ಜಿಯ ಫೋಟೊದಲ್ಲಿ ನನ್ನ ಮೂಗು

ನಮ್ಮಜ್ಜಿಯ ಮೂಗಿನ ಸುತ್ತ, ಕೆನ್ನೆಯ ಮೇಲೆ, ಸಾಸಿವೆಯಿಂದ ಹಿಡಿದು ಕಡಲೆಕಾಳಿನವರೆಗೆ ಎಲ್ಲ ಅಳತೆಯ ಗಂಟುಗಳಿದ್ದವು. ಆಸ್ತಿ ಹಂಚುವಾಗ ಕೈ ಬಿಗಿ ಹಿಡಿದ ಮುದುಕಿ ಇದನ್ನು ಮಾತ್ರ ಧಾರಾಳವಾಗಿ ಕೊಟ್ಟಳು. ಅಪ್ಪನಿಗೆ ಕಿವಿಯ ಹತ್ತಿರ ಎರಡು, ಮಿಕ್ಕಿದ್ದೆಲ್ಲ ನನಗೆ. ಹೊಸೂರಿನ ಚರ್ಮದ ಡಾಕ್ಟರು, "ವಂಶದಲ್ಲಿ ಬರೋದಮ್ಮ, ಅಪಾಯ ಏನಿಲ್ಲ. ಬೇಡ ಅನ್ಸಿದ್ರೆ ಲೇಸರಲ್ಲಿ ತೆಗೀಬಹುದು" ಎಂದರು. ನನಗೆ ಈ ಗಂಟುಗಳು ಬೇಡವೆಂದೇ ಅನ್ನಿಸಿತ್ತು. ಸೂಳಗಿರಿಯ ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿ ಎದುರು ಕೂತವರಿಗೆಲ್ಲ ಮದ್ದು ಹೇಳುವ ಚಟ. ಈರುಳ್ಳಿ ಉಜ್ಜು, ಬೆಳ್ಳುಳ್ಳಿ ಅರೆದು ಹಚ್ಚು. ಅವರ ಮಾತು ಕೇಳಿದ್ದರೆ ನನ್ನ ಮುಖಕ್ಕೆ ಒಗ್ಗರಣೆ ಹಾಕುವುದೊಂದೇ ಬಾಕಿ ಇರುತ್ತಿತ್ತು. ಲೇಸರಿಗೆ ದಿನ ಗೊತ್ತುಮಾಡಿ ಬಂದೆ. ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಳು.

ಫೋಟೊ ಅಂದರೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದವಳು. ಇದ್ದದ್ದು ಓಟಿನ ಕಾರ್ಡಿನಲ್ಲಿದ್ದ ಮಸುಕು ಮುಖ ಒಂದೇ. ಅವಲಪಲ್ಲಿಯ ಸ್ಟುಡಿಯೋದವನಿಗೆ ಅದನ್ನೇ ದೊಡ್ಡದು ಮಾಡಲು ಕೊಟ್ಟಿದ್ದೆವು. ತಿಥಿಯ ಹಿಂದಿನ ದಿನ ನಾನೂ ಅಪ್ಪನೂ ತರಲು ಹೋದೆವು. ಅಪ್ಪ ಕಾಗದ ಬಿಚ್ಚಿ ನೋಡಿ, "ಇದ್ಯಾರು?" ಎಂದ. ಮುಖ ಹಾಲುಖೋವದ ಹಾಗೆ ನುಣ್ಣಗಿತ್ತು.

"ಹಳೇ ಕಾರ್ಡು ಅಲ್ವಾಣ್ಣಾ, ಕಲೆ ಕೂತೈತೆ ಅಂತ ಎಲ್ಲಾ ಒರೆಸ್ಬುಟ್ಟೆ" ಎಂದ ಸ್ಟುಡಿಯೋದವನು.

"ಅದು ಕಲೆ ಅಲ್ಲ ಕಣ್ಲಾ, ನಮ್ಮವ್ವ."

ಅಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ. "ಈಯಮ್ಮನ ಮುಂದೆ ನಾನು ಎಡೆ ಇಕ್ಕಲ್ಲ" ಎಂದ. ಅವನಿಗೆ ಅವ್ವನ ಮುಖ ಬೇಕಿತ್ತು, ಅಷ್ಟೇ.

ಕಾರ್ಡಿನಲ್ಲಿ ಮತ್ತೆ ಹುಡುಕಿದರೆ ಗಂಟುಗಳಿದ್ದ ಜಾಗದಲ್ಲಿ ಬರೀ ಮಸಿ. ಸ್ಟುಡಿಯೋದವನು ತಲೆ ಕೆರೆದುಕೊಂಡು ನನ್ನನ್ನೇ ದಿಟ್ಟಿಸತೊಡಗಿದ. ಆಮೇಲೆ ಕೂರಿಸಿ, ಲೈಟು ಹಾಕಿ, "ಪೌಡರ್ ಒರೆಸ್ಕೊಮ್ಮಾ, ಎಲ್ಲಾ ಚೆನ್ನಾಗಿ ಕಾಣ್ಲಿ" ಎಂದ. ಫೋಟೊ ತೆಗೆಯುವವನೊಬ್ಬ ನನಗೆ ಹೀಗೆ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಸಂಜೆಯೊಳಗೆ ನನ್ನ ಮೂಗು ಕೆನ್ನೆ ಅಜ್ಜಿಯ ಮುಖದಲ್ಲಿ ಕೂತವು. "ನೂರು ವರ್ಷ ಮಾಸಲ್ಲಣ್ಣಾ, ಗ್ಯಾರಂಟಿ" ಎಂದು ಕೊಟ್ಟ. ಅಪ್ಪ ಅದನ್ನು ಎದೆಗೆ ಅವುಚಿಕೊಂಡೇ ಮನೆಗೆ ಬಂದ.

ತಿಥಿಗೆ ಬಂದ ನೆಂಟರು, "ಥೇಟ್ ಅಜ್ಜೀನೇ ಕೂತಂಗೈತೆ" ಎಂದು ಕಣ್ಣೊರೆಸಿಕೊಂಡು ನನ್ನ ಮೂಗಿಗೆ ಕೈ ಮುಗಿದರು. ನಾನಿನ್ನೂ ಗಟ್ಟಿಮುಟ್ಟಾಗಿರುವಾಗಲೇ ಅದಕ್ಕೆ ಹಾರ ಬಿದ್ದಿತ್ತು. ಪೂಜೆ ಮುಗಿದದ್ದೇ ನನ್ನ ಪಾಲು ಎಂದು ಎಡೆಯಿಂದ ಒಂದು ವಡೆ ಎತ್ತಿದೆ. ಅಪ್ಪ ಬೈಯಲಿಲ್ಲ.

"ಅಪ್ಪಾ, ಸೋಮವಾರ ಲೇಸರು" ಎಂದೆ.

ಅವನು ಫೋಟೊ ನೋಡಿದ, ನನ್ನನ್ನು ನೋಡಿದ.

"ಬ್ಯಾಡ ಅನ್ನಲ್ಲ ಕಣವ್ವಾ, ಮಾಡಿಸ್ಕೊ. ಈ ಫೋಟೊ ಮಾಸೋಗಂಟ ತಡ್ಕೊ, ಅಷ್ಟೇಯ."